ಗ್ರಾಮಸಭೆಯಲ್ಲಿ ಎಳೆಯರ ಸ್ಥಾನ

ಸಂಸ್ಕೃತದ 'ಪ್ರಜಾ' ಶಬ್ದಕ್ಕೆ ಸಂತಾನವೆಂಬುದೊಂದು, ಅರಸನಿಂದ ಪಾಲಿಸಲ್ಪಡುವ ಜನವೆಂಬುದೊಂದು, ಹೀಗೆ ಎರಡು ಮುಖ್ಯಾರ್ಥಗಳುಂಟು. ಅಂತ್ಯದ ಆಕಾರವನ್ನು ಎಕಾರವಾಗಿಸಿಕೊಂಡು ಈ ಶಬ್ದವನ್ನು ತೆಗೆದುಕೊಂಡ ಕನ್ನಡವು ಎರಡನೆಯ ಅರ್ಥವನ್ನೇ ಹೆಚ್ಚಾಗಿ ಉಳಿಸಿಕೊಂಡಿತು. ದೇಶ್ಯವಾದ 'ಮಕ್ಕಳ್' ಎಂಬುದರ ಗತಿಯೂ ಇದಕ್ಕೆ ಸಮೀಪವಾದುದೇ. ತಮಿಳಿನಲ್ಲಿ ಅದು ಈ ಹೊತ್ತಿಗೂ ಜನ, ಮನುಷ್ಯರು ಎಂಬ ಅರ್ಥವನ್ನು ಕೊಡುತ್ತದೆ. ಕನ್ನಡದಲ್ಲಾದರೋ ಮಗ, ಮಗಳ್ ಎಂಬಿವುಗಳ ಬಹುವಚನವಾಗಿ ನಿಂತು ಎಳೆಯರನ್ನು ಹೇಳುತ್ತದೆ. ಆದರೂ ಒಕ್ಕಲುಮಕ್ಕಳು, ಆಳುಮಕ್ಕಳು, ಹೆಣ್ಣುಮಕ್ಕಳು ಎಂಬ ಮಾತುಗಳಲ್ಲಿ ವಯಸ್ಸಿನ ಸೂಚನೆ ಎಳ್ಳಷ್ಟೂ ಇಲ್ಲದೆ ಜನವೆಂಬ ಹಳೆಯ ಅರ್ಥವು ಅಡಗಿ ಕುಳಿತಿದೆ. ಎಪ್ಪತ್ತು ವರ್ಷದ ಬೇಸಾಯಗಾರನೂ ಒಕ್ಕಲುಮಗನೇ.

ಭಾಷೆಯು ಹೀಗೆ ಒಂದೇ ಮನೆಯಲ್ಲಿ ಇರಿಸಿದ ಎರಡು ಭಾವನೆಗಳನ್ನು ಸಭೆಯ ವ್ಯವಸ್ಥೆಯು ಬಹು ಹಿಂದೆಯೇ ಬೇರ್ಪಡಿಸಿತು. ಸಭೆಗೆ ವೃದ್ಧರೇ ಭೂಷಣವೆಂಬ ಅಭಿಪ್ರಾಯವು ನಮ್ಮ ದೇಶದಲ್ಲಿ ಪುರಾತನವಾದುದು. ಕಾಂಚೀಪುರದ ಬಳಿಯ ಉತ್ತರಮೇರೂರಿನಲ್ಲಿ ಮೊದಲನೆಯ ಪರಾಂತಕ ಚೋಳನ ಕಾಲದ, ಎಂದರೆ ಕ್ರಿ. ಶ. ಹತ್ತನೆಯ ಶತಮಾನದ ಆದಿಭಾಗದ, ಪ್ರಸಿದ್ಧ ಶಾಸನಗಳಿವೆ. ಅಲ್ಲಿನ ಸಭೆಯ ವಾರಿಯಗಳಿಗೆ ಆರಿಸಲ್ಪಡುವವರು ೩೫ ವರ್ಷಕ್ಕೆ ಮೇಲ್ಪಟ್ಟು ೭೦ಕ್ಕೆ ಒಳಪಟ್ಟವರಾಗಿರಬೇಕೆಂದು ಅವುಗಳಲ್ಲಿ ಎರಡನೆಯದು ವಿಧಿಸುತ್ತದೆ. ಅರ್ಹರ ಹೆಸರುಗಳನ್ನು ಓಲೆಗಳ ಮೇಲೆ ಬರೆದು ಕುಂಭದಲ್ಲಿ ಹಾಕಿ, ಒಂದೊಂದಾಗಿ ಎತ್ತುವುದು ಕ್ರಮ. ಆ ಓಲೆಯನ್ನು ಎತ್ತುವ ಕೈ ಯಾರದು? ಒಳಗೆ ಏನಿದೆಯೆಂಬುದನ್ನು ಅರಿಯದ ಒಬ್ಬ ಎಳೆಯ ಹುಡುಗನದು. ಸಭಾವ್ಯವಸ್ಥೆಯ ಇತಿಹಾಸವನ್ನು ಬರೆದವರು ವಯೋನಿಯಮವನ್ನೂ ಅರ್ಹತಾನರ್ಹತೆಗಳನ್ನೂ ವಿಸ್ತರಿಸಿ ಹೇಳುವಷ್ಟು ಈ ಹುಡುಗನ ವಿಷಯವನ್ನು ಹೇಳುವುದಿಲ್ಲ. ಸಭೆಯಲ್ಲಿ ಅವನಿಗೆ ಸ್ಥಾನವಿತ್ತು. ಆದರೆ ಆ ಸ್ಥಾನವು ಅವನ ಅರಿವಿನಿಂದ ಬಂದುದಲ್ಲ, ಅರಿಯದಿರುವಿಕೆಯಿಂದ ಬಂದುದು. ಪಕ್ಷಪಾತಕ್ಕೆ ಎಡೆಯಿಲ್ಲದಂತೆ ಮಾಡಲು ಇದು ಜಾಣತನದ ಉಪಾಯವೇ ಸರಿ. ಪ್ರಕೃತ ವಿಷಯಕ್ಕೆ ಮಾತ್ರ ಇದು ಒಳ್ಳೆಯ ಅಳತೆಗೋಲಾಗಿದೆ: ಎಳೆಯರನ್ನು ಸಭೆಗೆ ಕರೆಯುವುದು ಅವರಿಗೆ ಏನೋ ತಿಳಿದಿದೆಯೆಂದೋ, ಏನೂ ತಿಳಿಯದೆಂದೋ?

ಧರ್ಮಶಾಸ್ತ್ರ ಮತ್ತು ಅರ್ಥಶಾಸ್ತ್ರಗಳ ಪರಿಭಾಷೆಯಲ್ಲಿ ಎಳೆಯನನ್ನು 'ಅಪ್ರಾಪ್ತವ್ಯವಹಾರ'ನೆಂದು ಕರೆಯುವುದುಂಟು. ಕೌಟಿಲ್ಯನ ಪ್ರಕಾರ ಹೆಣ್ಣು ೧೨ ವರ್ಷಕ್ಕೂ ಗಂಡು ೧೬ ವರ್ಷಕ್ಕೂ ವ್ಯವಹಾರವನ್ನು ಪಡೆಯುವರು. ಎಂದರೆ ಕೊಡುವ, ಕೊಳ್ಳುವ, ನ್ಯಾಯಸ್ಥಾನದಲ್ಲಿ ನಿಲ್ಲುವ ಯೋಗ್ಯತೆಯನ್ನು ಹೊಂದುವರು. ಈಗಿನ ಕನ್ನಡ ವೃತ್ತಪತ್ರಿಕೆಗಳು 'ಅಪ್ರಾಪ್ತ' ಎಂಬಷ್ಟನ್ನೇ ಉಳಿಸಿಕೊಂಡು, ಬೇಕಾದಲ್ಲಿ 'ವಯಸ್ಕ' ಎಂಬುದನ್ನು ಅದಕ್ಕೆ ಸೇರಿಸುತ್ತವೆ. ಶಬ್ದವು ಮೊಟಕಾದುದರಿಂದ ಅರ್ಥವೂ ಸ್ವಲ್ಪ ಜಾರಿದೆ. ಹಿಂದಿನವರ ಮಾತಿನಲ್ಲಿ ಎಳೆಯನಿಗೆ ದೊರೆಯದೆ ಇದ್ದುದು ವ್ಯವಹಾರ. ಈಗಿನವರ ಮಾತಿನಲ್ಲಿ ವಯಸ್ಸು. ವ್ಯವಹಾರವಾದರೆ ಅಭ್ಯಾಸದಿಂದ ಬರತಕ್ಕುದು. ವಯಸ್ಸಾದರೋ ಕಾದು ಕುಳಿತರೂ ಬರತಕ್ಕುದು.

ಭಾರತದ ಸಂವಿಧಾನವು ಮೊದಲಿಗೆ ೨೧ ವರ್ಷ ತುಂಬಿದವರಿಗೆ ಮತದಾನದ ಹಕ್ಕನ್ನು ಕೊಟ್ಟಿತು. ೧೯೮೮ರಲ್ಲಿ ಅಂಗೀಕೃತವಾದ ಅರುವತ್ತೊಂದನೆಯ ತಿದ್ದುಪಡಿಯು ೧೯೮೯ನೆಯ ಮಾರ್ಚಿ ೨೮ರಂದು ಜಾರಿಗೆ ಬಂದು, ಆ ಮಿತಿಯನ್ನು ೧೮ಕ್ಕೆ ಇಳಿಸಿತು. ಕೆಲವು ರಾಜ್ಯಗಳು ಸ್ಥಳೀಯ ಸಂಸ್ಥೆಗಳ ಮಟ್ಟಿಗೆ ಇದನ್ನು ಮುಂಚಿತವಾಗಿಯೇ ಮಾಡಿದ್ದುವು. ೧೯೯೩ನೆಯ ಏಪ್ರಿಲ್ ೨೪ರಿಂದ ಜಾರಿಯಾದ ಎಪ್ಪತ್ತಮೂರನೆಯ ತಿದ್ದುಪಡಿಯು ಪಂಚಾಯತಿಗಳಿಗೆ ಸಾಂವಿಧಾನಿಕ ನೆಲೆಯನ್ನು ಕೊಟ್ಟು, ೨೧ ವರ್ಷದವರು ಅವುಗಳ ಸದಸ್ಯರಾಗಬಹುದೆಂದು ವಿಧಿಸಿತು. ಆದರೆ ಅದೇ ತಿದ್ದುಪಡಿಯಲ್ಲಿ ಗ್ರಾಮಸಭೆಯೆಂದರೆ ಮತದಾರರ ಪಟ್ಟಿಯಲ್ಲಿ ಹೆಸರಿರುವವರ ಕೂಟವೆಂಬ ನಿರೂಪಣೆಯೂ ಇದೆ. ಆದುದರಿಂದ ಹದಿನೇಳು ವರ್ಷದ ಹುಡುಗಿಯು ಊರಿನಲ್ಲಿ ಹುಟ್ಟಿ, ಊರಿನ ನೀರನ್ನು ಹೊತ್ತು, ಊರಿನ ದಾರಿಯನ್ನು ದಿನಕ್ಕೆ ಎರಡಾವರ್ತಿ ತುಳಿಯುವವಳಾದರೂ, ಶಾಸನದ ದೃಷ್ಟಿಯಿಂದ ಊರಿನ ಸಭೆಗೆ ಸೇರಿದವಳಲ್ಲ.

ಇದರಿಂದ ಏನು ಕೊರತೆಯೆಂದು ಕೇಳುವವರಿಗೆ ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯನ್ನು ತೋರಿಸಬಹುದು. ಹೋಬಳಿಯ ಕೇಂದ್ರವಾದ ಈ ಊರಿನ ಬಳಿ ಭದ್ರಾನದಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟಿನ ಕೆಲಸವು ೧೯೪೭ರಲ್ಲಿ ಮೊದಲಾಗಿ ೧೯೬೫ರಲ್ಲಿ ಪೂರೈಸಿತು. ಜಲಾಶಯದ ಪೂರ್ಣಮಟ್ಟ ೧೮೬ ಅಡಿ. ಹಿಡಿಯುವ ನೀರು ಸುಮಾರು ೭೧.೫ ಶತಕೋಟಿ ಘನ ಅಡಿ. ಇದರ ನಾಲೆಗಳು ಚಿಕ್ಕಮಗಳೂರು, ಶಿವಮೊಗ್ಗ, ದಾವಣಗೆರೆ ಮೊದಲಾದ ಜಿಲ್ಲೆಗಳ ಲಕ್ಷ ಹೆಕ್ಟೇರಿಗೂ ಮೀರಿದ ಭೂಮಿಗೆ ನೀರೂಡಿಸುತ್ತವೆ. ಕಟ್ಟೆಯ ಕೆಲಸ ಮೊದಲಾದ ವರ್ಷ ಹತ್ತು ವಯಸ್ಸಿನವನಾಗಿದ್ದ ಹುಡುಗನು ಅದು ಮುಗಿಯುವ ಹೊತ್ತಿಗೆ ಇಪ್ಪತ್ತೆಂಟರ ಗೃಹಸ್ಥನಾಗಿದ್ದಿರಬೇಕು. ಹಿನ್ನೀರಿನೊಡನೆಯೂ ನಾಲೆಯೊಡನೆಯೂ ಬಾಳಬೇಕಾದವನು ಅವನೇ. ಆ ವಿಷಯದಲ್ಲಿ ಮಾತು ಆಡಿದವರು ಅವನ ಹಿರಿಯರು, ಅಥವಾ ಅವರೂ ಅಲ್ಲ.

ಎರಡನೆಯ ಪಲ್ಲಟವು ಈಚಿನದು. ಲಕ್ಕವಳ್ಳಿಯ ಅರಣ್ಯವನ್ನೂ ಒಳಗೊಂಡ ಭದ್ರಾ ಅಭಯಾರಣ್ಯವು ೧೯೯೮ರಲ್ಲಿ ಹುಲಿ ಯೋಜನೆಗೆ ಸೇರಿತು. ಅದರ ಒಳಗಿನ ಹಳ್ಳಿಗಳ ೪೧೯ ಕುಟುಂಬಗಳು ೨೦೦೧-೦೨ರ ಸುಮಾರಿಗೆ ಅಲ್ಲಿಂದ ಹೊರಟು, ತರೀಕೆರೆ ತಾಲ್ಲೂಕಿನ ಎಂ. ಸಿ. ಹಳ್ಳಿಯಲ್ಲಿಯೂ ಚಿಕ್ಕಮಗಳೂರು ಕಡೆಯ ಕೆಳಗೂರಿನಲ್ಲಿಯೂ ನೆಲಸಿದುವು. ಭಾರತದಲ್ಲಿ ನಡೆದ ಇಂಥ ಸ್ಥಳಾಂತರಗಳೊಳಗೆ ಇದು ಬಹುಮಟ್ಟಿಗೆ ಒಪ್ಪಿಗೆಯಿಂದ, ಸಮಾಧಾನದಿಂದ ನೆರವೇರಿತೆಂದು ವಿದ್ವಾಂಸರು ಅದನ್ನು ಎತ್ತಿ ಹೇಳುತ್ತಾರೆ. ಅದು ನ್ಯಾಯವಾದ ಮಾತು. ಆದರೆ ೪೧೯ ಎಂಬುದು ಕುಟುಂಬಗಳ ಲೆಕ್ಕ. ಆ ಲೆಕ್ಕದೊಳಗೆ ಹದಿನೆಂಟು ತುಂಬದವರು ಎಷ್ಟು ಮಂದಿ, ಕಾಡಿನ ಶಾಲೆಯನ್ನು ಬಿಟ್ಟು ಬಯಲಿನ ಶಾಲೆಗೆ ಬಂದವರು ಏನನ್ನು ಬಯಸಿದರು ಎಂಬುದು ಆ ಸಂಖ್ಯೆಯಲ್ಲಿ ಕಾಣಿಸದು. ಕುಟುಂಬವೆಂಬ ಏಕಮಾನದಿಂದ ಎಣಿಸುವಲ್ಲೆಲ್ಲ ಯಜಮಾನನ ಧ್ವನಿಯೇ ಉಳಿದವರ ಧ್ವನಿಯೆಂದು ಭಾವಿಸಲ್ಪಡುವುದು ಲೋಕರೂಢಿ.

ಎಳೆಯರಿಗೆ ಅಧಿಕಾರದ ಹೆಸರನ್ನು ಕೊಟ್ಟ ಒಂದು ಸಂದರ್ಭವು ಇದೇ ಮಲೆನಾಡಿನ ನೆರೆಯಲ್ಲಿ ನಡೆದುದುಂಟು. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಈಸೂರು, ೧೯೪೨ರ ಚಳವಳಿಯಲ್ಲಿ ತಾನು ಸ್ವತಂತ್ರವೆಂದು ಸಾರಿಕೊಂಡು ತನ್ನದೇ ಸರ್ಕಾರವನ್ನು ಏರ್ಪಡಿಸಿದಾಗ, ಅಮಲ್ದಾರನಾಗಿಯೂ ಪೊಲೀಸು ಸಬ್ ಇನ್ಸ್‌ಪೆಕ್ಟರಾಗಿಯೂ ಇಬ್ಬರು ಹುಡುಗರನ್ನು ನೇಮಿಸಿತು. ಆ ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ ನಿಜವಾದ ಅಮಲ್ದಾರನೂ ಸಬ್ ಇನ್ಸ್‌ಪೆಕ್ಟರೂ ಊರಿಗೆ ಬಂದರು. ಘರ್ಷಣೆ ನಡೆದು ಇಬ್ಬರೂ ಹತರಾದರು. ಊರು ಘೋರವಾದ ದಂಡನೆಗೆ ಗುರಿಯಾಯಿತು. ೧೯೪೩ರ ಮಾರ್ಚಿಯಲ್ಲಿ ಐವರನ್ನು ಗಲ್ಲಿಗೇರಿಸಲಾಯಿತು. ಈಸೂರಿನ ಧೈರ್ಯವು ಕರ್ಣಾಟಕದ ಇತಿಹಾಸದಲ್ಲಿ ಅಳಿಯದಂಥದು. ಅದನ್ನು ಇಲ್ಲಿ ಅಳೆಯಹೊರಟಿಲ್ಲ. ಆ ಇಬ್ಬರು ಹುಡುಗರ ಪದವಿಯ ಸ್ವರೂಪವೇನೆಂಬುದು ಮಾತ್ರ ವಿಚಾರಿಸತಕ್ಕ ವಿಷಯ. ಪರಕೀಯರ ಆಡಳಿತವನ್ನು ಅಣಕಿಸುವುದಕ್ಕೂ, ಸ್ವರಾಜ್ಯದಲ್ಲಿ ಎಳೆಯನೂ ಅಮಲ್ದಾರನಾಗಬಲ್ಲನೆಂದು ತೋರಿಸುವುದಕ್ಕೂ ಅದು ಬಹು ಸಮರ್ಥವಾದ ಸಂಕೇತ. ಸಂಕೇತವಾಗಿದ್ದ ಕಾರಣದಿಂದಲೇ ಅದು ಆಡಳಿತವಲ್ಲ.

ಈ ಭೇದವನ್ನು ಸ್ಪಷ್ಟವಾಗಿ ಹೇಳಿದವನು ರೋಜರ್ ಹಾರ್ಟ್ ಎಂಬ ವಿದ್ವಾಂಸ. ಷೆರಿ ಆರ್ನ್‌ಸ್ಟೀನ್ ಎಂಬ ಅಮೆರಿಕದ ಪಂಡಿತೆ ೧೯೬೯ರಲ್ಲಿ ಪೌರರ ಭಾಗವಹಿಸುವಿಕೆಯನ್ನು ಎಂಟು ಮೆಟ್ಟಿಲುಗಳ ಏಣಿಗೆ ಹೋಲಿಸಿದ್ದಳು. ಹಾರ್ಟನು ೧೯೯೨ರಲ್ಲಿ ಯುನಿಸೆಫ್ ಸಂಸ್ಥೆಗಾಗಿ ಬರೆದ ಪ್ರಬಂಧದಲ್ಲಿ ಅದೇ ಏಣಿಯನ್ನು ಮಕ್ಕಳ ವಿಷಯಕ್ಕೆ ಅಳವಡಿಸಿದನು. ಕೆಳಗಿನ ಮೂರು ಮೆಟ್ಟಿಲುಗಳು ಭಾಗವಹಿಸುವಿಕೆಯೇ ಅಲ್ಲವೆಂಬುದು ಅವನ ಮತ. ಮೊದಲನೆಯದು ದೊಡ್ಡವರ ಮಾತನ್ನು ಮಕ್ಕಳ ಬಾಯಲ್ಲಿ ಆಡಿಸುವುದು. ಎರಡನೆಯದು ಮಕ್ಕಳನ್ನು ಸಮಾರಂಭದ ಅಲಂಕಾರವಾಗಿ ನಿಲ್ಲಿಸುವುದು. ಮೂರನೆಯದು, ಅವರಿಗೆ ವೇದಿಕೆಯನ್ನು ಕೊಟ್ಟರೂ ವಿಷಯವನ್ನಾಗಲಿ ಹೇಳುವ ಬಗೆಯನ್ನಾಗಲಿ ಆರಿಸಿಕೊಳ್ಳಗೊಡದೆ ಇರುವುದು. ಮೇಲಿನ ಐದು ಮೆಟ್ಟಿಲುಗಳಲ್ಲಿ ಎಲ್ಲಿ ನಿಂತರೂ ಮಗುವಿಗೆ ತಾನು ಏಕೆ ಅಲ್ಲಿರುವೆನೆಂಬುದು ತಿಳಿದಿರುತ್ತದೆ, ತನ್ನ ಮಾತಿನಿಂದ ಏನಾಯಿತೆಂಬುದು ತಿಳಿದು ಬರುತ್ತದೆ. ತೋರಣವನ್ನು ಹಿಡಿದು ಬಿಸಿಲಿನಲ್ಲಿ ನಿಂತು ಮಂತ್ರಿಗಳಿಗಾಗಿ ಕಾದ ಶಾಲಾಬಾಲಕರನ್ನು ಕಂಡವರಿಗೆ ಎರಡನೆಯ ಮೆಟ್ಟಿಲಿನ ವಿವರಣೆ ಬೇಕಾಗದು. ವಿಶ್ವಸಂಸ್ಥೆಯ ಮಹಾಸಭೆಯು ೧೯೮೯ನೆಯ ನವೆಂಬರ್ ೨೦ರಂದು ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ ಹನ್ನೆರಡನೆಯ ವಿಧಿಯು, ತನಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯವನ್ನು ಹೇಳುವ ಹಕ್ಕು ಮಗುವಿಗೆ ಇದೆಯೆಂದೂ, ಅದರ ವಯಸ್ಸಿಗೂ ಬಲಿತ ಬುದ್ಧಿಗೂ ತಕ್ಕಂತೆ ಆ ಅಭಿಪ್ರಾಯಕ್ಕೆ ಬೆಲೆ ಕೊಡಬೇಕೆಂದೂ ಹೇಳುತ್ತದೆ. ಭಾರತವು ೧೯೯೨ರ ಡಿಸೆಂಬರಿನಲ್ಲಿ ಇದಕ್ಕೆ ಸೇರಿತು.

ಆದರೆ ಕರ್ಣಾಟಕದಲ್ಲಿ ಈ ಪ್ರಯೋಗವು ಒಡಂಬಡಿಕೆಯ ಓದಿನಿಂದ ಹುಟ್ಟಿದುದಲ್ಲ. ದುಡಿಯುವ ಮಕ್ಕಳ ನಡುವೆ ಬೆಂಗಳೂರಿನಲ್ಲಿ ಕೆಲಸವನ್ನು ಆರಂಭಿಸಿದ 'ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್' ಎಂಬ ಸಂಸ್ಥೆಯ ನೆರವಿನಿಂದ ೧೯೯೦ರಲ್ಲಿ ಭೀಮ ಸಂಘವೆಂಬ ದುಡಿಯುವ ಮಕ್ಕಳ ಸಂಘವು ಏರ್ಪಟ್ಟಿತು. ಹೋಟೆಲುಗಳಲ್ಲಿ ಲೋಟ ತೊಳೆಯುವ ಹುಡುಗರನೇಕರು ಕರಾವಳಿಯ ಹಳ್ಳಿಗಳಿಂದ ಬಂದವರು. ಹುಡುಗರು ಊರನ್ನು ಬಿಟ್ಟು ಬರುವುದಕ್ಕೆ ಕಾರಣಗಳು ಊರಿನಲ್ಲೇ ಇರುವುದರಿಂದ ಪರಿಹಾರವನ್ನೂ ಅಲ್ಲಿಯೇ ಹುಡುಕಬೇಕೆಂಬ ವಿಚಾರವು ಕುಂದಾಪುರ ತಾಲ್ಲೂಕಿನ ಕಡೆಗೆ ಈ ಕೆಲಸವನ್ನು ಎಳೆಯಿತು. ೧೯೯೫ರಿಂದ ಮುಂದಕ್ಕೆ ಕೆರಾಡಿ, ಆಲೂರು, ಬೆಳ್ವೆ, ಉಪ್ಪುಂದ ಮೊದಲಾದ ಗ್ರಾಮಗಳಲ್ಲಿ 'ಮಕ್ಕಳ ಪಂಚಾಯತಿ'ಗಳು ತಲೆಯೆತ್ತಿದುವು. ಹದಿನೆಂಟು ತುಂಬದವರೇ ಮತದಾರರು, ಅವರೇ ಅಭ್ಯರ್ಥಿಗಳು. ಶಾಲೆಗೆ ಹೋಗುವವರಂತೆ ದುಡಿಯುವವರಿಗೂ ಅಂಗವೈಕಲ್ಯವುಳ್ಳವರಿಗೂ ಅಲ್ಲಿ ಸ್ಥಾನವುಂಟು. ಮಕ್ಕಳ ಪಂಚಾಯತಿಯು ದೊಡ್ಡವರ ಪಂಚಾಯತಿಯ ಆಟದ ಪ್ರತಿರೂಪವಾಗಿ ಉಳಿಯದಂತೆ, ಎರಡರ ಪ್ರತಿನಿಧಿಗಳೂ ಅಧಿಕಾರಿಗಳೂ ಒಟ್ಟಿಗೆ ಕುಳಿತು ಮಾತಾಡುವ ಒಂದು ಕಾರ್ಯಪಡೆಯನ್ನೂ ಏರ್ಪಡಿಸಲಾಯಿತು. ಮಕ್ಕಳು ತಾವೇ ಆರಿಸಿಕೊಂಡ ಒಬ್ಬ ದೊಡ್ಡವನು ಅಥವಾ ದೊಡ್ಡವಳು 'ಮಕ್ಕಳ ಮಿತ್ರ'ನೆಂಬ ಹೆಸರಿನಿಂದ ಅವರ ದೂರುಗಳನ್ನು ಕೇಳುವ ಪದ್ಧತಿಯೂ ಬಂತು. ಮತದ ಹಕ್ಕಿಲ್ಲದವರು ದೊಡ್ಡವನೊಬ್ಬನನ್ನು ಚುನಾಯಿಸುವ ಈ ಏರ್ಪಾಡು ಬಹು ಸ್ವಾರಸ್ಯವಾದುದು.

ಈ ಮಕ್ಕಳು ಕೇಳಿದುದೇನು? ಮಳೆಗಾಲದಲ್ಲಿ ಆ ಭಾಗದ ಹಳ್ಳತೋಡುಗಳು ತುಂಬಿ ಹರಿಯುತ್ತವೆ. ಅವುಗಳ ಮೇಲೆ ಅಡಕೆಯ ಮರದ ಕಾಂಡಗಳನ್ನು ಜೋಡಿಸಿ ಹಾಕುವ ಕಾಲುದಾರಿಗೆ ಅಲ್ಲಿಯ ಕನ್ನಡದಲ್ಲಿ 'ಸಂಕ'ವೆಂದು ಹೆಸರು. ಹಿರಿಯರು ಮಳೆ ಬಿರುಸಾದ ದಿನ ಸಂಕವನ್ನು ದಾಟದೆ ಮನೆಯಲ್ಲಿಯೇ ಉಳಿಯಬಹುದು. ಶಾಲೆಗೆ ಹೋಗುವವರಿಗೆ ಅದು ದಿನಕ್ಕೆ ಎರಡು ಸಲ ತಪ್ಪದು. ಗ್ರಾಮಸಭೆಯಲ್ಲಿ ದೊಡ್ಡವರು ಮೋಟಾರು ಓಡುವ ರಸ್ತೆಯನ್ನು ಕೇಳುವಾಗ ಮಕ್ಕಳು ಕಾಲುಸಂಕವನ್ನು ಕೇಳಿದರು. ಬರಿಯ ಮಾತಿನಿಂದ ಕೇಳಲಿಲ್ಲ. ಯಾವ ಮನೆಯಿಂದ ಯಾವ ದಾರಿಯಲ್ಲಿ ಎಷ್ಟು ಮಂದಿ ನಡೆಯುವರು, ಎಲ್ಲಿ ತೋಡು ಅಡ್ಡ ಬರುವುದು ಎಂಬುದನ್ನು ತಾವೇ ತಿರುಗಿ ಎಣಿಸಿ, ನೆಲದ ಪಟವನ್ನು ಬರೆದು ಮುಂದಿಟ್ಟರು. ನೀರು, ಸೌದೆ, ಅಂಗನವಾಡಿ, ಸಾರಾಯಿ ಅಂಗಡಿ ಮೊದಲಾದ ವಿಷಯಗಳಲ್ಲಿಯೂ ಹೀಗೆಯೇ. ಈ ಪ್ರಯೋಗದ ತಿರುಳು ಇಲ್ಲಿದೆಯೆಂದು ತೋರುತ್ತದೆ. ಉತ್ತರಮೇರೂರಿನ ಹುಡುಗನು ಅರಿಯದವನೆಂಬ ಕಾರಣಕ್ಕೆ ಸಭೆಗೆ ಬಂದನು; ಕೆರಾಡಿಯ ಹುಡುಗಿಯು ದೊಡ್ಡವರು ಅರಿಯದುದನ್ನು ಅರಿತವಳೆಂಬ ಕಾರಣಕ್ಕೆ ಬಂದಳು. ವಯಸ್ಸಿಗೆ ತಕ್ಕ ಅರಿವೆಂದರೆ ಕಡಮೆಯ ಅರಿವೆಂದೇ ಅರ್ಥವಾಗಬೇಕಾದುದಿಲ್ಲ, ಬೇರೆಯ ಅರಿವೆಂದೂ ಆಗಬಹುದು. ನಾಲ್ಕಡಿ ಎತ್ತರದ ಕಣ್ಣಿಗೆ ಕಾಣುವ ಊರು ಬೇರೆ. ೨೦೦೪ರ ಸುಮಾರಿಗೆ ಆ ತಾಲ್ಲೂಕಿನ ೫೬ ಗ್ರಾಮ ಪಂಚಾಯತಿಗಳಲ್ಲಿ ಸುಮಾರು ೨೦,೦೦೦ ಮಕ್ಕಳು ತಂತಮ್ಮ ಊರುಗಳ ಪಂಚವಾರ್ಷಿಕ ಯೋಜನೆಯ ಸಿದ್ಧತೆಯಲ್ಲಿ ಪಾಲುಗೊಂಡರು.

ಆಕ್ಷೇಪಗಳು ಇಲ್ಲದೆ ಹೋಗಲಿಲ್ಲ. ೧೯೯೬ರಲ್ಲಿ ಕುಂದಾಪುರದಲ್ಲಿ ಹಲವು ದೇಶಗಳ ದುಡಿಯುವ ಮಕ್ಕಳ ಪ್ರತಿನಿಧಿಗಳು ಸೇರಿ ಹತ್ತು ಅಂಶಗಳ ಒಂದು ಘೋಷಣೆಯನ್ನು ಹೊರಡಿಸಿದರು. ಅವರು ಕೇಳಿದ ಮುಖ್ಯ ವಿಷಯ, ತಮ್ಮ ಕಷ್ಟಗಳನ್ನೂ ತಮ್ಮ ಸೂಚನೆಗಳನ್ನೂ ಸಂಘಟನೆಯನ್ನೂ ಲೋಕವು ಮಾನ್ಯ ಮಾಡಬೇಕೆಂಬುದು. ದುಡಿಯುವ ಮಕ್ಕಳ ಸಂಘವನ್ನು ಮಾನ್ಯ ಮಾಡಿದರೆ ಮಕ್ಕಳ ದುಡಿಮೆಯನ್ನೇ ಮಾನ್ಯ ಮಾಡಿದಂತಾಗದೆ, ಮಗುವಿನ ಸ್ಥಾನ ಶಾಲೆಯಲ್ಲವೆ, ಎಂಬುದು ಎದುರುಪಕ್ಷದವರ ವಾದ. ಈ ವಾದದಲ್ಲಿ ಬಲವಿದೆ. ಆದರೆ ಮಗುವನ್ನು ದುಡಿಮೆಯಿಂದ ಬಿಡಿಸುವವರು ಆ ಮಗುವನ್ನೇ ಕೇಳದೆ ಬಿಡಿಸಹೊರಟರೆ ಅದು ಇನ್ನೊಂದು ಹೋಟೆಲಿಗೆ ಓಡಿಹೋಗುವುದೆಂಬ ಅನುಭವದ ಮಾತಿಗೆ ಅವರಲ್ಲಿ ಒಳ್ಳೆಯ ಉತ್ತರ ಕಾಣದು.

ಕರ್ಣಾಟಕ ಸರ್ಕಾರದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯು ೨೦೦೬ರಲ್ಲಿ ಹೊರಡಿಸಿದ ಸುತ್ತೋಲೆಯಿಂದ ಮಕ್ಕಳ ಗ್ರಾಮಸಭೆಯು ಒಂದು ತಾಲ್ಲೂಕಿನ ಪ್ರಯೋಗವಾಗಿದ್ದುದು ರಾಜ್ಯದ ಎಲ್ಲ ಗ್ರಾಮ ಪಂಚಾಯತಿಗಳೂ ವರ್ಷಕ್ಕೊಮ್ಮೆ ನಡೆಸಬೇಕಾದ ಕಾರ್ಯವಾಯಿತು. ಲಕ್ಕವಳ್ಳಿಯೂ ಅದರ ಹೋಬಳಿಯ ಇತರ ಪಂಚಾಯತಿಗಳೂ ಇದಕ್ಕೆ ಹೊರತಲ್ಲ. ಪಂಚಾಯತಿಯ ಅಧ್ಯಕ್ಷರು ಸಭೆಗೆ ಕುಳಿತುಕೊಳ್ಳುವರು. ಅಭಿವೃದ್ಧಿ ಅಧಿಕಾರಿಯೂ ಶಾಲೆ, ಆರೋಗ್ಯ, ಅಂಗನವಾಡಿಗಳಿಗೆ ಸಂಬಂಧಪಟ್ಟವರೂ ಉತ್ತರ ಕೊಡುವರು. ಪ್ರಶ್ನೆ ಮಾಡುವವರು ಮಕ್ಕಳು. ಶೌಚಗೃಹ, ಆಟದ ಬಯಲು, ಶಾಲೆಯ ಆವರಣದ ಗೋಡೆ, ಹೊತ್ತಿಗೆ ಸರಿಯಾಗಿ ಬಾರದ ಬಸ್ಸು, ಇವು ಎಲ್ಲೆಡೆಯೂ ಕೇಳಿಬರುವ ವಿಷಯಗಳು.

ಒಂದು ತಾಲ್ಲೂಕಿನಲ್ಲಿ ಹತ್ತು ವರ್ಷ ಮಣ್ಣಿನಲ್ಲಿ ಬೆಳೆದುದನ್ನು ಸುತ್ತೋಲೆಯ ಮೂಲಕ ಸಹಸ್ರಾರು ಪಂಚಾಯತಿಗಳಿಗೆ ನಾಟಿ ಮಾಡಿದಾಗ ಬೇರು ಎಲ್ಲೆಡೆಯೂ ಒಂದೇ ಆಳಕ್ಕೆ ಇಳಿಯುವುದೆಂದು ನಿರೀಕ್ಷಿಸಲಾಗದು. ಕುಂದಾಪುರದಲ್ಲಿ ಸಭೆಯೆಂಬುದು ಕಡೆಯ ಮೆಟ್ಟಿಲು. ಅದಕ್ಕೆ ಮುಂಚೆ ಎಣಿಕೆ, ಪಟ, ಓಣಿಯ ಕೂಟ, ಚರ್ಚೆ ಎಲ್ಲವೂ ನಡೆದಿರುತ್ತಿದ್ದುವು. ಸುತ್ತೋಲೆಯು ಸಭೆಯ ದಿನವನ್ನು ಗೊತ್ತು ಮಾಡಬಲ್ಲುದು, ಮುಂಚಿನ ತಿಂಗಳುಗಳನ್ನು ಗೊತ್ತು ಮಾಡಲಾರದು. ಅದಿಲ್ಲದೆ ಹೋದಲ್ಲಿ ಉಪಾಧ್ಯಾಯರು ಹಿಂದಿನ ದಿನ ಚೀಟಿಯಲ್ಲಿ ಬರೆದು ಕೊಟ್ಟ ಪ್ರಶ್ನೆಯನ್ನು ಜಾಣ ಹುಡುಗನೊಬ್ಬನು ಎದ್ದು ನಿಂತು ಒಪ್ಪಿಸುವುದೂ, ಅಧಿಕಾರಿಯು ಅನುದಾನ ಬಂದ ಕೂಡಲೆ ಮಾಡಲಾಗುವುದೆನ್ನುವುದೂ, ಎಲ್ಲರೂ ಸಿಹಿಯನ್ನು ತಿಂದು ಹೊರಡುವುದೂ ಸಭೆಯಾಗಿ ಬಿಡುತ್ತದೆ. ಹಾರ್ಟನ ಏಣಿಯಲ್ಲಿ ಇದು ಮೊದಲನೆಯ ಮೆಟ್ಟಿಲೋ ಮೂರನೆಯದೋ ಎಂಬುದಷ್ಟೇ ಸಂದೇಹ. ಇಂಥ ಸಭೆ ಇಲ್ಲದಿರುವುದಕ್ಕಿಂತ ಮೇಲಲ್ಲವೆ ಎಂದು ಕೆಲವರು ಹೇಳಬಹುದು. ಹಾಗೆನ್ನುವುದು ಕಷ್ಟ. ಕೇಳಿದರೂ ಏನೂ ಆಗದೆಂಬ ಪಾಠವನ್ನು ಹನ್ನೆರಡು ವರ್ಷಕ್ಕೆ ಕಲಿತ ಹುಡುಗನು ಹದಿನೆಂಟಕ್ಕೆ ಅದನ್ನು ಮರೆತು ಮತಗಟ್ಟೆಗೆ ಬರುವುದಿಲ್ಲ.

ಆದುದರಿಂದ ಸಭೆಯ ಸಾರವು ಪ್ರಶ್ನೆಯಲ್ಲಿರುವುದಕ್ಕಿಂತ ಅನುಪಾಲನೆಯಲ್ಲಿದೆ. ಹಿಂದಿನ ವರ್ಷ ಕೇಳಿದುದು ಏನಾಯಿತು, ಆಗದಿದ್ದರೆ ಏಕೆ ಆಗಲಿಲ್ಲವೆಂಬ ವರದಿಯನ್ನು ಈ ವರ್ಷದ ಸಭೆಯ ಮೊದಲಲ್ಲಿ ಓದಬೇಕು. ಆಗಲಿಲ್ಲವೆಂಬ ಉತ್ತರವೂ ಕಾರಣಸಹಿತವಾಗಿದ್ದರೆ ಉತ್ತರವೇ. ಹಣವು ಇಷ್ಟಿದೆ, ನಿಮ್ಮ ಆವರಣದ ಗೋಡೆಗೆ ಕೊಟ್ಟರೆ ಕೆಳಕೇರಿಯ ನೀರಿನ ಕೊಳವೆಗೆ ಉಳಿಯದು, ಯಾವುದು ಮೊದಲಾಗಬೇಕು, ಎಂದು ಮಕ್ಕಳನ್ನೇ ಕೇಳಿದ ಅಧ್ಯಕ್ಷನು ಅವರಿಗೆ ಪೌರನೀತಿಯ ಪಠ್ಯಪುಸ್ತಕದ ಹತ್ತು ಪಾಠಗಳು ಕಲಿಸಲಾರದುದನ್ನು ಕಲಿಸುವನು. ಶಾಲೆಗಳಲ್ಲಿ ನಡೆಯುವ ಶಾಲಾ ಸಂಸತ್ತಿನಲ್ಲಿ ಆರೋಗ್ಯಮಂತ್ರಿ, ಶಿಸ್ತಿನ ಮಂತ್ರಿ ಎಂದು ಪದವಿಗಳನ್ನು ಹಂಚುವುದುಂಟು. ಅಲ್ಲಿ ಹಂಚಬೇಕಾದ ಹಣವೂ ಇಲ್ಲ, ಆರಿಸಬೇಕಾದ ಕಷ್ಟವೂ ಇಲ್ಲ. ಅದು ಆಟ. ಆಟವು ಕೆಟ್ಟುದಲ್ಲ, ಆದರೆ ಬೇರೆ.

ತರುಣರ ಪಾಲಿಗೆ ಬಂದರೆ, ಎಂದರೆ ಶಾಲೆಯನ್ನು ದಾಟಿ ಕಾಲೇಜಿಗೆ ಬಂದವರ ವಿಷಯದಲ್ಲಿ, ಸ್ಥಿತಿಯು ಇನ್ನೊಂದು ಬಗೆಯದು. ಗಾಂಧೀ ಶತಮಾನೋತ್ಸವದ ವರ್ಷವಾದ ೧೯೬೯ರ ಸೆಪ್ಟೆಂಬರ್ ೨೪ರಂದು ೩೭ ವಿಶ್ವವಿದ್ಯಾನಿಲಯಗಳಲ್ಲಿ ೪೦,೦೦೦ ವಿದ್ಯಾರ್ಥಿಗಳೊಡನೆ ರಾಷ್ಟ್ರೀಯ ಸೇವಾ ಯೋಜನೆಯು ಮೊದಲಾಯಿತು. ಲಕ್ಕವಳ್ಳಿಗೆ ಸಮೀಪದ ಶಂಕರಘಟ್ಟದಲ್ಲಿ ೧೯೮೭ರಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾನಿಲಯವನ್ನೂ ಒಳಗೊಂಡು, ಈ ಯೋಜನೆಯು ನಡೆಯದ ಕಡೆ ಈಗ ವಿರಳ. ವಿದ್ಯಾರ್ಥಿಗಳು ಏಳು ದಿನ ಹಳ್ಳಿಯಲ್ಲಿ ಬೀಡು ಬಿಟ್ಟು ಕೆರೆಯ ಹೂಳನ್ನೆತ್ತುವರು, ಗಿಡ ನೆಡುವರು, ಸಂಜೆ ಹಾಡುವರು. ಇದರಲ್ಲಿ ಸೇವೆಯುಂಟು, ಶಿಕ್ಷಣವೂ ಉಂಟು. ಆದರೆ ಯಾವ ಕೆರೆಯ ಹೂಳನ್ನು ಎತ್ತಬೇಕು, ಅದು ಹೂಳಿದುದು ಏಕೆ, ಎತ್ತಿದ ಮೇಲೆ ನೋಡಿಕೊಳ್ಳುವವರು ಯಾರು ಎಂಬ ಆಲೋಚನೆಯಲ್ಲಿ ಅವರ ಪಾಲು ಬಹುಕಡೆ ಕಾಣಿಸದು. ತರುಣರಿಂದ ನಮ್ಮ ಸಮಾಜವು ಯಾವಾಗಲೂ ತೋಳನ್ನು ಬೇಡಿದೆ, ಬಾಯನ್ನು ಬೇಡಿದುದು ಅಪೂರ್ವ. ಊರ ತುರುಗಳನ್ನು ಬಿಡಿಸಹೋಗಿ ಮಡಿದವರ ವೀರಗಲ್ಲುಗಳು ಕಡೂರು ತರೀಕೆರೆಗಳ ಸೀಮೆಯಲ್ಲಿಯೂ ಹೇರಳವಾಗಿವೆ. ಸತ್ತವರಲ್ಲಿ ಎಷ್ಟೋ ಮಂದಿ ತರುಣರಾಗಿದ್ದಿರಬೇಕು. ದತ್ತಿಯನ್ನು ಬಿಡುವ ಶಾಸನಗಳಲ್ಲಾದರೋ ಸಾಕ್ಷಿಗಳಾಗಿ ಬರುವವರು ಮಹಾಜನಂಗಳು, ಪ್ರಭುಗಾವುಂಡರು, ಪ್ರಜೆಗಾವುಂಡರು.

ಈಚೆಗೆ ಈ ಸೀಮೆಯ ಎಳೆಯರಿಗೂ ದೊರೆತ ಇನ್ನೊಂದು ಅನುಕೂಲವೆಂದರೆ ಪಂಚಾಯತಿಯ ಗ್ರಂಥಾಲಯ. 'ಓದುವ ಬೆಳಕು' ಎಂಬ ಹೆಸರಿನಿಂದ ೨೦೨೦ರ ನವೆಂಬರಿನಲ್ಲಿ ಆರಂಭವಾದ ಕಾರ್ಯಕ್ರಮದಂತೆ ೬ರಿಂದ ೧೮ ವರ್ಷದವರು ಶುಲ್ಕವಿಲ್ಲದೆ ಅವುಗಳ ಸದಸ್ಯರಾಗಬಹುದಾಯಿತು. ಇದನ್ನು ಓದಿನ ಪ್ರಚಾರವೆಂದು ಮಾತ್ರ ಎಣಿಸುವುದು ಸಾಲದು. ಹದಿನೆಂಟಕ್ಕೆ ಮೊದಲೇ ಊರಿನ ಒಂದು ಸಾರ್ವಜನಿಕ ಪಟ್ಟಿಯಲ್ಲಿ ಎಳೆಯರ ಹೆಸರು, ತಂದೆಯ ಹೆಸರಿನ ಕೆಳಗಲ್ಲದೆ ತಮ್ಮದೇ ಸಾಲಿನಲ್ಲಿ, ಬರೆಯಲ್ಪಡುವ ಸಂದರ್ಭಗಳು ಹೆಚ್ಚಿಲ್ಲ.

ಸಾಹಿತ್ಯದ ಉಪಾಧ್ಯಾಯರಿಗೆ ಈ ವಿಷಯದಲ್ಲಿ ಇರುವ ಸಂಬಂಧವು ಸಣ್ಣದಲ್ಲ. ಮಕ್ಕಳ ಗ್ರಾಮಸಭೆಗೆ ಹುಡುಗರನ್ನು ಸಿದ್ಧಪಡಿಸುವವರು ಅನೇಕವೇಳೆ ಕನ್ನಡದ ಉಪಾಧ್ಯಾಯರೇ. ಭಾಷಣವೆಂದರೆ ಅವರ ಪಾಲಿನ ಕೆಲಸವೆಂದು ಶಾಲೆಗಳು ಭಾವಿಸುತ್ತವೆ. ಭಾಷಣಸ್ಪರ್ಧೆಯ ಕನ್ನಡವು ಸಭೆಗೆ ಒದಗುವ ಕನ್ನಡವಲ್ಲ. ಸ್ಪರ್ಧೆಯಲ್ಲಿ ಪರಿಸರವನ್ನು ಉಳಿಸಿರೆಂದು ಐದು ನಿಮಿಷ ನಿರರ್ಗಳವಾಗಿ ಹೇಳಿದವನಿಗೆ ಬಹುಮಾನ. ಸಭೆಯಲ್ಲಿಯೋ ಮೇಲಿನ ಕೇರಿಯ ನಲ್ಲಿಗೆ ಸೋಮವಾರದಿಂದ ನೀರು ಬಂದಿಲ್ಲವೆಂದು ಎರಡು ವಾಕ್ಯಗಳಲ್ಲಿ ಹೇಳಿದವಳ ಮಾತೇ ಸಾರ್ಥಕ. ಕಂಡುದನ್ನು ಕಂಡಂತೆ, ಎಣಿಸಿದುದನ್ನು ಎಣಿಸಿದಂತೆ ಹೇಳುವ ಗದ್ಯವನ್ನು ಕಲಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಸಂದರ್ಭವಿಲ್ಲ.

ನಡವಳಿಯ ಪುಸ್ತಕದ ವಿಷಯವೂ ಇದಕ್ಕೆ ಸೇರಿದುದು. ಸಭೆಯಲ್ಲಿ ಆಡಿದ ಮಾತು ಪಂಚಾಯತಿಯ ನಡವಳಿಯಲ್ಲಿ ಬರೆಯಲ್ಪಟ್ಟಾಗ ಮಾತ್ರ ಅದಕ್ಕೆ ಮುಂದಿನ ಗತಿ. ಹುಡುಗಿಯೊಬ್ಬಳು ತನ್ನೂರಿನ ನುಡಿಯಲ್ಲಿ ಸಂಕವೆಂದುದು, ಹಿನ್ನೀರಿನ ಅಂಚಿನ ಹುಡುಗನು ಆನೆ ಬರುವ ಓಣಿಯೆಂದುದು, ಲೇಖನಿಯ ತುದಿಗೆ ಬರುವಷ್ಟರಲ್ಲಿ 'ಮೂಲಭೂತ ಸೌಕರ್ಯ ಕಾಮಗಾರಿಗಳ ಬಗ್ಗೆ ಚರ್ಚಿಸಲಾಯಿತು' ಎಂದಾದರೆ ಯಾವ ತೋಡಿನ ಮೇಲೆ, ಯಾರ ದಾರಿಯಲ್ಲಿ ಎಂಬುದು ಕಳೆದುಹೋಗುವುದು, ಮರುವರ್ಷ ಅನುಪಾಲನಾ ವರದಿಯಲ್ಲಿ ಉತ್ತರಿಸಬೇಕಾದುದೇ ಇಲ್ಲವಾಗುವುದು. ಕೆಲವು ಕಡೆಯಾದರೂ ಮಕ್ಕಳೇ ತಮ್ಮ ಸಭೆಯ ನಡವಳಿಯನ್ನು ಬರೆದು, ಅಧ್ಯಕ್ಷರು ಅದಕ್ಕೆ ರುಜು ಹಾಕುವಂತೆ ಮಾಡುವುದಕ್ಕೆ ಸುತ್ತೋಲೆಯ ಅಪ್ಪಣೆ ಬೇಕಾದುದಿಲ್ಲ. ಒಂದು ಬರೆಯುವ ಪುಸ್ತಕವೂ, ಕಾಗುಣಿತವನ್ನಷ್ಟೇ ತಿದ್ದಿ ಮಾತನ್ನು ತಿದ್ದದೆ ಬಿಡುವ ಒಬ್ಬ ಉಪಾಧ್ಯಾಯರೂ ಸಾಕು.